ಗುಲಾಬಿಯ ನಡುವಿನ ಬೂದುಬಣ್ಣ

ಮಾನ್‌ಖುರ್ದ್ ದಾಟಿ ವಾಶಿಯತ್ತ ಸಾಗುವ ರೈಲಿನಿಂದ ಠಾಣೆ ಖಾಡಿಯನ್ನು ಕಂಡ ನಮಗೆಲ್ಲ, ಇಳಿತದ ಕೆಸರಿನ ಮೇಲೆ ಹರಡುವ ಗುಲಾಬಿ ಪಟ್ಟಿ ಪರಿಚಿತವೇ. ಕನ್ನಡದಲ್ಲಿ ನಾವು ಈ ಹಕ್ಕಿಯನ್ನು ರಾಜಹಂಸವೆನ್ನುತ್ತೇವೆ. ಹಾಲು-ನೀರನ್ನು ಬೇರ್ಪಡಿಸುವ ಕಾವ್ಯಲೋಕದ ಹಂಸ ಇದಲ್ಲ; ಆದರೂ ತಲೆಕೆಳಗಾಗಿ ಬಾಗಿಸಿದ ಕೊಕ್ಕಿನಿಂದ ನೀರನ್ನು ಸೋಸಿ ಪಾಚಿಯನ್ನಷ್ಟೇ ಉಳಿಸಿಕೊಳ್ಳುವ ಇದಕ್ಕೆ ಆ ಹೆಸರು ಒಪ್ಪುತ್ತದೆ.

ಈ ನೋಟದ ಚರಿತ್ರೆ ದೀರ್ಘವಾದುದಲ್ಲ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. 1973ರಲ್ಲಿ ವಾಶಿಯ ಸೇತುವೆ ತೆರೆಯಿತು. ಖಾಡಿಯ ಎರಡೂ ದಡಗಳಲ್ಲಿ ನಗರ ಬೆಳೆದಂತೆ ಹೂಳು ತುಂಬಿ ಕೆಸರುಬಯಲು ವಿಸ್ತರಿಸಿತು, ಕೊಳೆನೀರಿನ ಸಾರದಿಂದ ಪಾಚಿ ಹುಲುಸಾಯಿತು. 1990ರ ದಶಕದಿಂದೀಚೆಗೆ ದೊಡ್ಡ ಹಿಂಡುಗಳು ಬರತೊಡಗಿದವು. 2015ರಲ್ಲಿ ಇಲ್ಲಿ ರಾಜಹಂಸ ಅಭಯಾರಣ್ಯ ಘೋಷಣೆಯಾಯಿತು. 2019ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಎಣಿಕೆ ಲಕ್ಷವನ್ನು ದಾಟಿತು. 2022ರಲ್ಲಿ ಖಾಡಿ ರಾಮ್ಸಾರ್ ತಾಣವೂ ಆಯಿತು.

ಲಕ್ಷವೆಂಬ ಸಂಖ್ಯೆ ನಮ್ಮನ್ನು ನಿಶ್ಚಿಂತರನ್ನಾಗಿಸುತ್ತದೆ. ಆದರೆ ಜೀವಿಗಳ ಎಣಿಕೆಯನ್ನು ಅವುಗಳ ಬಾಳಿನ ಕ್ರಮದಿಂದ ಬೇರ್ಪಡಿಸಿ ಓದಲಾಗದು. 1967ರಲ್ಲಿ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಇ. ಒ. ವಿಲ್ಸನ್ ಬದುಕಿನ ಎರಡು ದಾರಿಗಳನ್ನು ಗುರುತಿಸಿದರು. ಬಹಳಷ್ಟು ಮರಿಗಳನ್ನು ಬೇಗನೆ ಹೆತ್ತು ಅದೃಷ್ಟಕ್ಕೆ ಒಪ್ಪಿಸುವುದು ಒಂದು. ಕೆಲವನ್ನೇ ಹೆತ್ತು ಜತನದಿಂದ ಬೆಳೆಸುವುದು ಇನ್ನೊಂದು. ಇವು ಒಂದೇ ಅಳತೆಗೋಲಿನ ಎರಡು ತುದಿಗಳೆಂದೂ ನಡುವೆ ನಾನಾ ಹಂತಗಳಿವೆಯೆಂದೂ ಮುಂದಿನ ವಿದ್ವಾಂಸರು ತಿದ್ದಿದರು. ನಮ್ಮ ಚರಂಡಿಯ ಸೊಳ್ಳೆ ಮೊದಲನೆಯ ತುದಿಯದು; ಒಂದು ಸಲಕ್ಕೆ ನೂರಾರು ಮೊಟ್ಟೆ, ಕೆಲವೇ ವಾರಗಳ ಆಯುಸ್ಸು. ಔಷಧಿ ಸಿಂಪಡಿಸಿದ ತಿಂಗಳಿನಲ್ಲೇ ಅದು ಮರಳುತ್ತದೆ.

ರಾಜಹಂಸ ಮತ್ತೊಂದು ತುದಿಯ ಕಡೆಗಿದೆ. ಜೋಡಿಯೊಂದು ಒಂದು ಬಾರಿಗೆ ಒಂದೇ ಮೊಟ್ಟೆಯಿಡುತ್ತದೆ. ತಂದೆ-ತಾಯಿ ಇಬ್ಬರೂ ಕಾವು ಕೊಟ್ಟು, ಮರಿಗೆ ತಮ್ಮ ಗಂಟಲಚೀಲದಲ್ಲಿ ಒಸರುವ ಹಾಲಿನಂತಹ ರಸವನ್ನುಣಿಸುತ್ತಾರೆ. ಆ ಮರಿ ಸ್ವತಃ ಮೊಟ್ಟೆಯಿಡಲು ಕೆಲವು ವರ್ಷಗಳೇ ಬೇಕು. ಆಯುಸ್ಸು ಮಾತ್ರ ದೀರ್ಘ: ಆಸ್ಟ್ರೇಲಿಯಾದ ಅಡಿಲೇಡ್ ಮೃಗಾಲಯದ ದೊಡ್ಡ ರಾಜಹಂಸವೊಂದು 2014ರಲ್ಲಿ ಸಾಯುವಾಗ ಅದಕ್ಕೆ 80 ದಾಟಿತ್ತು.

ಖಾಡಿ ಇವುಗಳಿಗೆ ಊಟದ ಮನೆ, ತೊಟ್ಟಿಲಿರುವುದು ಗುಜರಾತಿನಲ್ಲಿ. 1945ರಲ್ಲಿ ಸಲೀಂ ಅಲಿ ಕಚ್ಛಿನ ಮಹಾರಣದ ಗೂಡುನೆಲೆಗೆ ಹೋಗಿ ಅಲ್ಲಿ ಸುಮಾರು 5 ಲಕ್ಷ ರಾಜಹಂಸಗಳಿವೆಯೆಂದು ಅಂದಾಜಿಸಿದ್ದರು. ಅಲ್ಲಿ ಮಳೆನೀರು ತಕ್ಕಷ್ಟು ನಿಲ್ಲದಿದ್ದರೆ ಆ ವರ್ಷ ಗೂಡೇ ಇಲ್ಲ. ಬಾಳು ದೀರ್ಘವಾಗಿರುವುದರಿಂದ ಹಕ್ಕಿ ಒಳ್ಳೆಯ ವರ್ಷಕ್ಕಾಗಿ ಕಾಯಬಲ್ಲದು. ಬೆಳೆದ ಹಕ್ಕಿಗಳು ಬದುಕಿ ಉಳಿಯುವುದೇ ಈ ಇಡೀ ವ್ಯವಸ್ಥೆಯ ಬುನಾದಿ.

2024ರ ಮೇ ತಿಂಗಳಲ್ಲಿ ಘಾಟ್ಕೋಪರ್ ಬಳಿ ಇಳಿಯುತ್ತಿದ್ದ ವಿಮಾನಕ್ಕೆ ಸಿಲುಕಿ ಸುಮಾರು 40 ರಾಜಹಂಸಗಳು ಸತ್ತವು. ಲಕ್ಷದಲ್ಲಿ 40 ಏನು ಮಹಾ ಎನ್ನಬಹುದು. ಅವೆಲ್ಲ ಬೆಳೆದ ಹಕ್ಕಿಗಳೆಂದು ಎಣಿಸಿದರೆ 20 ಜೋಡಿ. ಎಲ್ಲವೂ ಸುಗಮವಾದ ವರ್ಷದಲ್ಲೂ 20 ಜೋಡಿಗೆ 20 ಮರಿ. ಅವುಗಳಲ್ಲಿ ಎಷ್ಟೋ ದೊಡ್ಡವಾಗುವ ಮೊದಲೇ ಅಳಿಯುತ್ತವೆ. ಭರತದಲ್ಲಿ ಕೆಸರು ಮುಳುಗಿದಾಗ ಹಕ್ಕಿಗಳು ನಿಂತು ದಣಿವಾರಿಸಿಕೊಳ್ಳುವ ನೇರುಳ್ ಕಡೆಯ ಜೌಗುನೆಲಗಳು ಕಟ್ಟಡಗಳಿಗೆ ಬಲಿಯಾದರೆ, ನಷ್ಟ ಒಂದು ದಿನದ್ದಾಗಿರದೆ ಪ್ರತಿವರ್ಷದ್ದಾಗುತ್ತದೆ.

ದೀರ್ಘಾಯುಗಳ ಅವನತಿ ತಡವಾಗಿ ಕಾಣುತ್ತದೆ. ಮರಿ ಹುಟ್ಟುವುದು ನಿಂತರೂ ಹಳೆಯ ಹಕ್ಕಿಗಳೇ ವರ್ಷ ವರ್ಷ ಬಂದು ಖಾಡಿಯನ್ನು ತುಂಬುತ್ತವೆ. ಸೇತುವೆಯ ಮೇಲಿಂದ ನೋಡುವವರಿಗೆ ಪಟ್ಟಿ ಮೊದಲಿನಷ್ಟೇ ಅಗಲ. ಎಳೆಯ ರಾಜಹಂಸದ ಮೈಬಣ್ಣ ಬೂದು; ತಿನ್ನುವ ಪಾಚಿಯಿಂದ ಗುಲಾಬಿ ಬರಲು ವರ್ಷಗಳಾಗುತ್ತವೆ. ಆದ್ದರಿಂದ ಐರೋಲಿಯ ದೋಣಿಯಿಂದಲೋ ನೇರುಳಿನ ದಡದಿಂದಲೋ ಹಿಂಡನ್ನು ನೋಡುವ ನಮ್ಮವರು ಗುಲಾಬಿಯನ್ನು ಕಂಡು ಸಂತೋಷಪಟ್ಟ ಮೇಲೆ, ಅದರ ನಡುವೆ ಬೂದುಬಣ್ಣದವು ಎಷ್ಟಿವೆಯೆಂಬುದನ್ನೂ ಎಣಿಸಬೇಕು.