ತಲಾ 21: ತಿರುವನಂತಪುರದ ಒಂದು ಲೆಕ್ಕದ ಮರುಪರಿಶೀಲನೆ

ತಿರುವನಂತಪುರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಕಾಲೇಜ್ ಆಫ್ ಎಂಜಿನಿಯರಿಂಗ್ ಟ್ರಿವೆಂಡ್ರಮ್ (ಸಿಇಟಿ), 1939ರ ಜುಲೈ 3ರಂದು ಆರಂಭವಾಯಿತು. ಇದರಲ್ಲಿ ತಕರಾರಿಲ್ಲ. ತಕರಾರಿರುವುದು ಅದರ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಒಂದು ವಿವರದ ಬಗ್ಗೆ: ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳಲ್ಲಿ ಪದವಿಗೂ ಡಿಪ್ಲೊಮಾಕ್ಕೂ ತಲಾ 21 ವಿದ್ಯಾರ್ಥಿಗಳು. ಈ ವಿಷಯಕ್ಕೆ ನನ್ನನ್ನು ಎಳೆದು ತಂದ ಹಿರಿಯರು ಮೂರು ವಿಭಾಗ, ಎರಡು ಕೋರ್ಸು ಎಂದು ಆರರಿಂದ ಗುಣಿಸಿ ವರ್ಷಕ್ಕೆ 126 ಎಂದಿದ್ದರು. ಅವರ ಋಣ ದೊಡ್ಡದು. ಆದರೂ ಈ ಗುಣಾಕಾರವನ್ನು ನಾನು ಒಪ್ಪಲಾರೆ.

‘ತಲಾ’ ಎಂಬುದು ಯಾವುದಕ್ಕೆ ಸೇರಿದ್ದು? ಅದು ನಿಂತಿರುವುದು ಪದವಿ, ಡಿಪ್ಲೊಮಾಗಳ ಪಕ್ಕದಲ್ಲಿ, ವಿಭಾಗಗಳ ಪಕ್ಕದಲ್ಲಲ್ಲ. ಹಾಗೆ ಓದಿದರೆ ಪದವಿಗೆ 21, ಡಿಪ್ಲೊಮಾಕ್ಕೆ 21, ಒಟ್ಟು 42. ಇಪ್ಪತ್ತೊಂದನ್ನು ಮೂರು ವಿಭಾಗಗಳಿಗೆ ಹಂಚಿದರೆ ಏಳೇಳು, ಶೇಷ ಉಳಿಯುವುದಿಲ್ಲ. ಒಂದೊಂದು ವಿಭಾಗಕ್ಕೆ ಬೇರೆಯಾಗಿ ಸಂಖ್ಯೆ ಗೊತ್ತುಮಾಡುವವರು ಇಪ್ಪತ್ತನ್ನೋ ಇಪ್ಪತ್ತೈದನ್ನೋ ಹಿಡಿಯುತ್ತಿದ್ದರು. ಇಪ್ಪತ್ತೊಂದು ಮೂರು ಪಾಲು ಮಾಡಬೇಕಾದವರ ಸಂಖ್ಯೆ. ಇದೊಂದೇ ಸಾಕ್ಷ್ಯವಾಗದು ಎಂದು ಬಲ್ಲೆ. ಆದರೆ ಜಾಗವೂ ಇದೇ ಮಾತು ಹೇಳುತ್ತದೆ. ಕಾಲೇಜು ಮೊದಲು ನಡೆದದ್ದು ಚೀಫ್ ಎಂಜಿನಿಯರರ ಕಚೇರಿ ಮತ್ತು ವಾಸದ ಮನೆಯಲ್ಲಿ. ಈಗ ಪಿಎಂಜಿ ಎಂದು ಕರೆಯುವ ಕಡೆ. ಕುಳತ್ತೂರಿನ ವಿಶಾಲ ಆವರಣ ಸಿಕ್ಕಿದ್ದು 1960ರ ದಶಕದಲ್ಲಿ. ವರ್ಷಕ್ಕೆ 126 ಮಂದಿಯನ್ನು ಸೇರಿಸಿಕೊಂಡರೆ ಮೂರನೆಯ ವರ್ಷಕ್ಕೆ 378 ಆಗುತ್ತದೆ. ವಾಸಕ್ಕೆಂದು ಕಟ್ಟಿದ ಮನೆಯಲ್ಲಿ, ಯಂತ್ರಗಳ ಜೊತೆಗೆ, ಅಷ್ಟು ಜನರನ್ನು ಎಲ್ಲಿ ಕೂರಿಸುವುದು? ವರ್ಷಕ್ಕೆ 42 ಎಂದಾದರೆ ಮೂರನೆಯ ವರ್ಷಕ್ಕೆ ಒಟ್ಟು 126. ಹಿರಿಯರ ಅಂಕಿ ಅಲ್ಲಿಗೆ ಸಲ್ಲುತ್ತದೆ, ಮೊದಲ ವರ್ಷಕ್ಕಲ್ಲ.

ಬೆಂಗಳೂರಿನಲ್ಲೂ ಇದೇ ತೊಡಕಿದೆ. ವಿಶ್ವೇಶ್ವರಯ್ಯನವರು 1917ರಲ್ಲಿ ಲೋಕೋಪಯೋಗಿ ಇಲಾಖೆಯ ಕಟ್ಟಡದಲ್ಲಿ ಆರಂಭಿಸಿದ ಕಾಲೇಜಿನ ಬಗ್ಗೆ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಲ್ಲಿ 20 ವಿದ್ಯಾರ್ಥಿಗಳು ಎಂದಿದ್ದರೆ, ನಮ್ಮವರು ಅದನ್ನೂ ಎರಡರಿಂದ ಗುಣಿಸುವುದುಂಟು. ಹುಟ್ಟನ್ನು ದೊಡ್ಡದು ಮಾಡಿದರೆ ಸಂಸ್ಥೆ ದೊಡ್ಡದಾಗುವುದಿಲ್ಲ.

ಈ ಲೆಕ್ಕ ಯಾಕೆ ಮುಖ್ಯ? ಲೇತ್ ಮುಂದೆ ನಿಂತು ಕಲಿಸಿದವರಿಗೆ ಗೊತ್ತು. ಕಬ್ಬಿಣದ ಸರಳನ್ನು ಚಕ್‌ನಲ್ಲಿ ಬಿಗಿದು, ಟೂಲಿನ ತುದಿಯನ್ನು ಸೆಂಟರಿಗೆ ಸರಿಹೊಂದಿಸಿ, ಕಟ್ ಕೊಟ್ಟಾಗ ನೀಲಿಗಟ್ಟಿದ ಸುರುಳಿ ಬಿಚ್ಚಿಕೊಳ್ಳುವುದನ್ನು ಏಳು ಮಂದಿ ಹತ್ತಿರದಿಂದ ನೋಡಬಹುದು, ಸರದಿಯಲ್ಲಿ ಹಿಡಿಯಲೂಬಹುದು. ಟೂಲಿನ ಎತ್ತರ ತಪ್ಪಿದರೆ ಮೇಲ್ಮೈ ಒರಟಾಗುತ್ತದೆ. ಇದು ಬೆರಳಿಗೆ ತಿಳಿಯುವ ಪಾಠ. ಇಪ್ಪತ್ತೊಂದು ಮಂದಿ ನಿಂತರೆ ಹಿಂದಿನ ಸಾಲಿಗೆ ಕಾಣುವುದು ಮುಂದಿನವರ ಬೆನ್ನು. ಮೊದಲ ಪ್ರಿನ್ಸಿಪಾಲ್ ಮೇಜರ್ ಟಿ. ಎಚ್. ಮ್ಯಾಥ್ಯೂಮನ್ ಅವರ ಕಾಲದ ಮೆಕ್ಯಾನಿಕಲ್ ತರಗತಿಯನ್ನು ನಾನು ಏಳು ಮಂದಿಯದೆಂದೇ ಓದುತ್ತೇನೆ. ಮೇಲ್ವಿಚಾರಕನಾಗುವವನೂ ಎಂಜಿನಿಯರ್ ಆಗುವವನೂ ಸಮಾನ ಸಂಖ್ಯೆಯಲ್ಲಿ ಒಂದೇ ಸೂರಿನಡಿ ಇದ್ದರು ಎಂಬುದು 126ರ ಸಂಭ್ರಮದಲ್ಲಿ ಮರೆಯಾಗಿದೆ.

ತಿರುವನಂತಪುರದ ಈ ಲೆಕ್ಕವನ್ನು ಇಡೀ ಕೇರಳಕ್ಕೆ ಹಿಗ್ಗಿಸಬಾರದು. ಕೊಚ್ಚಿಯ ದಾರಿ ಬೇರೆ. ಅಲ್ಲಿ ಕೆಲಸ ಮೊದಲು ಬಂತು, ಕಾಲೇಜು ಆಮೇಲೆ. ಬಂದರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ 1920ರಲ್ಲಿ ಬಂದು ಬಂದರಿನ ಕೆಲಸ ಹಿಡಿದರು, ಹಡಗು ಕಟ್ಟುವ ಕಾರ್ಖಾನೆ 1972ರಲ್ಲಿ ಸ್ಥಾಪನೆಯಾಯಿತು. ಕೊಚ್ಚಿ ವಿಶ್ವವಿದ್ಯಾಲಯ 1971ರಲ್ಲಿ ಸ್ಥಾಪನೆಯಾಗಿ, 1979ರಲ್ಲಿ ಎಂಜಿನಿಯರಿಂಗ್ ಶಾಲೆ ತೆರೆದಾಗ ಉದ್ದಿಮೆಗಳಲ್ಲಿ ಆಗಲೇ ದುಡಿಯುತ್ತಿದ್ದವರನ್ನೂ ಗಮನದಲ್ಲಿಟ್ಟುಕೊಂಡಿತ್ತು. ತಿರುವನಂತಪುರ, ಕೊಚ್ಚಿ ಎರಡನ್ನೂ ‘ಕೇರಳದ ಮಾದರಿ’ ಎಂದು ಒಂದೇ ಗಂಟಿನಲ್ಲಿ ಕಟ್ಟುವವರೊಡನೆ ನನಗೆ ಸಹಮತವಿಲ್ಲ.

ಕನ್ನಡದಲ್ಲಿ ಇನ್ನು ಮುಂದೆ ಈ ಚರಿತ್ರೆ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: 126 ಎಂಬುದನ್ನು ಹೊಡೆದುಹಾಕಿ, ಪದವಿಗೆ 21, ಡಿಪ್ಲೊಮಾಕ್ಕೆ 21 ಎಂದು ಬರೆಯಿರಿ.