ಮನೆಯ ಮುಂದಿನ ನಕ್ಷತ್ರ

ಡಿಸೆಂಬರ್ ಮಾಸದ ಮೊದಲ ವಾರ ಕಳೆಯಿತೆಂದರೆ ನಮ್ಮ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ಹುಟ್ಟುತ್ತದೆ: ಈ ವರ್ಷ ಯಾವ ದೀಪ, ಎಷ್ಟು ದೀಪ, ಎಲ್ಲಿ ಕಟ್ಟುವುದು? ಪೇಟೆಯ ಅಂಗಡಿಗಳಲ್ಲಿ ದೀಪದ ಸರಗಳು ರಾಶಿ ಬಿದ್ದಿರುವ ಈ ಕಾಲದಲ್ಲಿ, ಕೊಡಗಿನ ಕಥೋಲಿಕ ಕುಟುಂಬಗಳು ಕ್ರಿಸ್ತಜಯಂತಿಗೆ ಬೆಳಕನ್ನು ಆರಿಸಿಕೊಂಡು ಬಂದ ಬಗೆಯನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ದಾಖಲಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಕಥೆ ನಮಗೆಲ್ಲ ತಿಳಿದದ್ದೇ. ಅಲ್ಲಿಂದ ತಪ್ಪಿಸಿಕೊಂಡು ಬಂದ ಕೆಲವರಿಗೆ ಆಶ್ರಯವಿತ್ತವನು ಕೊಡಗಿನ ದೊಡ್ಡವೀರರಾಜೇಂದ್ರ. ಅವನೂ 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ಪಾರಾಗಿ ಬಂದವನೇ. 1792ರಲ್ಲಿ ವಿರಾಜಪೇಟೆಯಲ್ಲಿ ಆರಂಭವಾದ ಸಂತ ಅನ್ನಮ್ಮನವರ ದೇವಾಲಯ ಆ ಆಶ್ರಯದ ಫಲ. ಹೀಗೆ ಬರಿಗೈಯಲ್ಲಿ ಬಂದವರಿಗೆ ದೀಪದಲ್ಲಿ ಆಯ್ಕೆಯೆಲ್ಲಿಯದು? ನಾಡಿನ ಇತರ ಮನೆಗಳಂತೆ ಅವರದೂ ಎಣ್ಣೆ ಬತ್ತಿಯ ಬೆಳಕೇ.

ಆದರೆ ಅವರು ಬಂದು ಸೇರಿದ ನಾಡು ದೀಪದ ಬೆಲೆಯನ್ನು ಬಲ್ಲ ನಾಡಾಗಿತ್ತು. ಕೊಡವರ ಐನ್‌ಮನೆಯಲ್ಲಿ ನೆಲ್ಲಕ್ಕಿ ನಡುಬಾಡೆಯ ತೂಗುದೀಪಕ್ಕಿರುವ ಗೌರವವನ್ನು ಬೇರೆ ಹೇಳಬೇಕಾಗಿಲ್ಲ. ಹೊಸ ಕದಿರನ್ನು ಮನೆಗೆ ತರುವ ಹುತ್ತರಿಯೂ ಕ್ರಿಸ್ತಜಯಂತಿಗೆ ಕೆಲವೇ ವಾರಗಳ ಹಿಂದೆ, ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆ. ಹಬ್ಬದ ರಾತ್ರಿ ದೀಪವೇಕೆಂದು ನೆರೆಯವರಿಗೆ ನಾವು ವಿವರಿಸಬೇಕಾದ ಪ್ರಮೇಯವೇ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಕಾಫಿ ತೋಟಗಳು ಹಬ್ಬಿದಂತೆ ತಮಿಳು, ಮಲೆಯಾಳ ಮತ್ತು ದಕ್ಷಿಣ ಕನ್ನಡದ ಕಡೆಗಳಿಂದ ಬಂದ ಕಥೋಲಿಕರೂ ಇಲ್ಲಿ ನೆಲೆಸಿದರು. ಸೀಮೆಎಣ್ಣೆಯ ಬುಡ್ಡಿ, ಲಾಟೀನು, ಅನುಕೂಲವಿದ್ದವರಲ್ಲಿ ಪೆಟ್ರೋಮ್ಯಾಕ್ಸ್: ಇವು ದಿನನಿತ್ಯದ ಬೆಳಕು. ಹಬ್ಬದ ಬೆಳಕೆಂದರೆ ಕಾಗದದ ನಕ್ಷತ್ರ. ಜರ್ಮನಿಯ ಮೊರೇವಿಯನ್ ಸಭೆಯ ಶಾಲೆಯೊಂದರಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಥ ನಕ್ಷತ್ರವನ್ನು ಮಕ್ಕಳಿಗೆ ರೇಖಾಗಣಿತ ಕಲಿಸಲೆಂದು ಮಾಡಿಸುತ್ತಿದ್ದರು. ನಮ್ಮ ಮಕ್ಕಳಿಗೆ ಗಣಿತದ ಗೊಡವೆಯಿಲ್ಲದೆಯೇ ಅದು ಒಲಿದಿತ್ತು! ಬಿದಿರಿನ ಸೀಳುಗಳಿಂದ ಐದು ಮೂಲೆಯ ಎರಡು ಚೌಕಟ್ಟು ಕಟ್ಟಿ, ತುದಿಗಳನ್ನು ಒಂದಕ್ಕೊಂದು ಬಿಗಿದು, ನಡುವಿನ ಐದು ಸಂಧಿಗಳಲ್ಲಿ ಗೇಣುದ್ದದ ಕಡ್ಡಿಗಳನ್ನು ನಿಲ್ಲಿಸಿದರೆ ಹೊಟ್ಟೆ ಉಬ್ಬಿದ ನಕ್ಷತ್ರ ಸಿದ್ಧ. ಮೈದಾ ಅಂಟಿನಿಂದ ಬಣ್ಣದ ಕಾಗದ ಹಚ್ಚಿ, ಮೇಣದ ಬತ್ತಿ ಇಡಲು ಒಂದು ಪಕ್ಕ ಬಿಡಬೇಕು. ಬಿಸಿ ಹೋಗಲು ಮೇಲೊಂದು ಕಿಂಡಿ ಬೇಕು. ಗಾಳಿ ಬೀಸಿತೋ, ಕಾಗದ ಹೊತ್ತಿತೆಂದೇ ಲೆಕ್ಕ. ಮಂಜಿನ ರಾತ್ರಿಯಲ್ಲಿ ಅಂಟು ನೆನೆದು ಬಿಟ್ಟುಕೊಳ್ಳುವುದು ಇನ್ನೊಂದು ಪೀಡೆ.

ಇಷ್ಟು ಪಾಡುಪಟ್ಟು ಅದನ್ನು ತೂಗುಹಾಕುತ್ತಿದ್ದುದು ಮನೆಯೊಳಗಲ್ಲ, ದಾರಿಗೆ ಕಾಣುವಂತೆ ಜಗಲಿಯಲ್ಲೋ ಉಣುಗೋಲಿನ ಬಳಿಯ ಮರದಲ್ಲೋ ಎಂಬುದನ್ನು ಗಮನಿಸಬೇಕು. ತೋಟದ ಮನೆಗಳು ಒಂದಕ್ಕೊಂದು ದೂರ. ಕ್ಯಾರಲ್ ಹಾಡುವ ತಂಡಕ್ಕೂ ನಡುರಾತ್ರಿಯ ಬಲಿಪೂಜೆಗೆ ಕತ್ತಲೆಯಲ್ಲಿ ನಡೆದು ಹೋಗುವವರಿಗೂ ಆ ಒಂದು ಬೆಳಕೇ ಗುರುತು. ಬಂಗಲೆಯ ನಕ್ಷತ್ರಕ್ಕೂ ಲೈನ್ ಮನೆಯ ನಕ್ಷತ್ರಕ್ಕೂ ಬೇಕಾದುದು ಅದೇ ಬಿದಿರು, ಅದೇ ಒಂದು ಬತ್ತಿ. ಈ ಸಮಾನತೆ ಮುಂದೆ ಉಳಿಯಲಿಲ್ಲ.

ನ್ಯೂಯಾರ್ಕಿನಲ್ಲಿ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ 80 ವಿದ್ಯುತ್ ದೀಪಗಳನ್ನು ಕಟ್ಟಿದನು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ತು ಬಂದದ್ದು 1905ರಲ್ಲಿ. ಕೊಡಗಿನ ಒಳನಾಡಿನ ತೋಟಗಳಿಗಂತೂ ಅದು ಬಹಳ ತಡವಾಗಿ, ಅದೂ ಲೈನ್ ಮನೆಗಳಿಗೆ ಎಲ್ಲರ ಕೊನೆಗೆ ಬಂದಿತು. ತಂತಿ ಬಂದವರ ಮನೆಯಲ್ಲಿ ಸೀರಿಯಲ್ ಸೆಟ್ಟು ಮಿನುಗತೊಡಗಿದಾಗ, ತಂತಿ ಬಾರದವರ ನಕ್ಷತ್ರ ಮೊದಲ ಬಾರಿಗೆ ಬಡವಾಗಿ ಕಂಡಿತು. ಹಬ್ಬದ ಬೆಳಕಿನಲ್ಲಿ ಮೇಲು ಕೀಳು ಹುಟ್ಟಿದ್ದು ಹೀಗೆ ಎಂಬುದು ನಮ್ಮ ಅಭಿಪ್ರಾಯ.

ಆ ಸೀರಿಯಲ್ ಸೆಟ್ಟಿನ ಸ್ವಭಾವವನ್ನು ಹಿರಿಯರು ಮರೆತಿರಲಾರರು. 230 ವೋಲ್ಟಿನ ವಿದ್ಯುತ್ತನ್ನು 6 ವೋಲ್ಟಿನ ಸುಮಾರು 38 ಬಲ್ಬುಗಳು ಹಂಚಿಕೊಳ್ಳುವ ಏರ್ಪಾಡು ಅದು. ಒಂದು ಸತ್ತರೆ ಎಲ್ಲವೂ ಕತ್ತಲೆ. ಸತ್ತ ಬಲ್ಬನ್ನು ಕಿತ್ತು ತಂತಿಯನ್ನೇ ಜೋಡಿಸುವ ಜಾಣರೂ ಇದ್ದರು. ಹಾಗೆ ಮಾಡಿದಾಗ ಉಳಿದವುಗಳ ಮೇಲೆ ಭಾರ ಹೆಚ್ಚಿ, ಅವೂ ಬೇಗ ಸಾಯುತ್ತಿದ್ದವು.

ಈಗ ಎಲ್‌ಇಡಿ ಸರಗಳು ಬಂದಿವೆ. ಬಿಸಿ ಕಡಿಮೆ, ವಿದ್ಯುತ್ತಿನ ಖರ್ಚೂ ಅತ್ಯಲ್ಪ. ಕೊಳ್ಳುವಾಗ ತಂತಿಯ ಹೊದಿಕೆ ದಪ್ಪವಾಗಿದೆಯೇ, ಹೊರಗೆ ಕಟ್ಟಲು ಮಾಡಿದ್ದೇ ಎಂದು ನೋಡುವುದು ನಮ್ಮ ಮಂಜಿನ ಸೀಮೆಯಲ್ಲಿ ಅತ್ಯವಶ್ಯ. ಗೋದಲಿಯ ಹುಲ್ಲಿನ ಬಳಿ ಹಳೆಯ ಬಿಸಿ ಬಲ್ಬು ಬೇಡ. ಅಲ್ಲಿಗೆ ಕಣ್ಣು ಕುಕ್ಕುವ ನೀಲಿ ಮಿಂಚಿಗಿಂತ ಹಳದಿಯ ನಿಶ್ಚಲ ಬೆಳಕೇ ಲೇಸು. 1223ರಲ್ಲಿ ಸಂತ ಫ್ರಾನ್ಸಿಸರು ಗ್ರೆಚ್ಚಿಯೋದಲ್ಲಿ ಗೋದಲಿಯನ್ನು ಏರ್ಪಡಿಸಿದಾಗ ಊರ ಜನ ಪಂಜು, ಮೇಣದ ಬತ್ತಿಗಳನ್ನು ಹಿಡಿದು ಬಂದಿದ್ದರಂತೆ. ಆ ಬೆಳಕಿಗೆ ಹತ್ತಿರವಾದುದು ಇದೇ.

ಇನ್ನು ನಕ್ಷತ್ರದ ವಿಷಯ. ಅಂಗಡಿಗೆ ಹೋಗುವ ಮುನ್ನ ಅಟ್ಟದ ಮೇಲಿನ ಹಳೆಯ ಚೌಕಟ್ಟನ್ನೊಮ್ಮೆ ಇಳಿಸಿ ನೋಡಬಹುದು. ಕಾಗದ ಹರಿದಿದ್ದರೂ ಬಿದಿರು ಗಟ್ಟಿಯಿದ್ದರೆ, ಸಂಜೆಯೊಂದರಲ್ಲಿ ಮಕ್ಕಳೇ ಹೊಸ ಕಾಗದ ಹಚ್ಚಿಯಾರು. ಒಳಗೆ ಒಂದು ಸಣ್ಣ ಎಲ್‌ಇಡಿ ಬಲ್ಬು ಸಾಕು. ಗಾಳಿ ಬೀಸಿದರೂ ಹಿಂದಿನಂತೆ ಕಾಗದ ಹೊತ್ತಿಕೊಳ್ಳುವ ಭಯವಿಲ್ಲ.