ಸ್ವೀಡನ್ನಿನ ಸ್ಟೋವರೆ ನಾಯಿಗಳು: ಒಂದು ಬೇಟೆಪದ್ಧತಿ, ಹಲವು ತಳಿಗಳು

ನೆಲದಲ್ಲುಳಿದ ವಾಸನೆಯ ಜಾಡು ಹಿಡಿದು ಮೊಲ, ನರಿಗಳನ್ನು ಬೆನ್ನಟ್ಟುವ ಬೇಟೆನಾಯಿಗಳಿಗೆ ಸ್ವೀಡನ್ನಿನಲ್ಲಿ ಸ್ಟೋವರೆ ಎಂಬ ಹೆಸರಿದ್ದು, ಹ್ಯಾಮಿಲ್ಟನ್, ಶಿಲ್ಲರ್, ಸ್ಮೋಲಂಡ್ ಮತ್ತು ಗಾಟ್ಲಂಡ್ ಎಂಬ ನಾಲ್ಕು ದೇಶೀಯ ತಳಿಗಳು ಈ ಗುಂಪಿಗೆ ಸೇರುತ್ತವೆ. ಇಂಗ್ಲೆಂಡಿನ ನರಿಬೇಟೆಯಲ್ಲಿ ನಾಯಿಗಳ ದೊಡ್ಡ ಹಿಂಡು ಓಡುತ್ತಿತ್ತು. ಸ್ವೀಡನ್ನಿನ ಕಾಡಿನಲ್ಲಾದರೋ ಸಾಮಾನ್ಯವಾಗಿ ಒಂದೇ ನಾಯಿಯನ್ನು ಬಿಡಲಾಗುತ್ತದೆ. ಎಬ್ಬಿಸಿದ ಮೊಲ ಸುತ್ತುಹಾಕಿ ತನ್ನ ನೆಲೆಯ ಕಡೆಗೇ ಮರಳುವ ಸ್ವಭಾವದ್ದಾದ್ದರಿಂದ, ಬೇಟೆಗಾರನು ಜಾಡಿನುದ್ದಕ್ಕೂ ಬೊಗಳುತ್ತ ಸಾಗುವ ನಾಯಿಯ ದನಿಯಿಂದ ದಿಕ್ಕನ್ನು ಅಂದಾಜು ಮಾಡಿ, ಮೊಲ ಹಾಯಬಹುದಾದ ದಾರಿಯಲ್ಲಿ ಕೋವಿ ಹಿಡಿದು ಕಾಯುತ್ತಾನೆ. ಚುರುಕಾದ ಮೂಗು, ದೂರಕ್ಕೆ ಕೇಳುವ ಕಂಠ, ಒಂಟಿಯಾಗಿ ಗಂಟೆಗಟ್ಟಲೆ ದುಡಿಯುವ ಛಲ ಇವೇ ಈ ನಾಯಿಗಳ ಮೂಲ ಲಕ್ಷಣಗಳಾಗಲು ಈ ಪದ್ಧತಿಯೇ ಕಾರಣ.

ಈ ಪದ್ಧತಿ ರೈತರ ನಡುವೆ ಹರಡಿದುದರ ಹಿಂದೆ ಕಾನೂನಿನ ಬದಲಾವಣೆಯೊಂದಿದೆ. ಬಹುಕಾಲ ರಾಜಮನೆತನ ಮತ್ತು ಶ್ರೀಮಂತವರ್ಗದ ಹಿಡಿತದಲ್ಲಿದ್ದ ಬೇಟೆಯ ಹಕ್ಕನ್ನು 1789ರಲ್ಲಿ ಮೂರನೆಯ ಗುಸ್ತಾವ್ ದೊರೆಯು ಭೂಮಾಲೀಕ ರೈತರಿಗೂ ಅವರವರ ಜಮೀನಿನ ಮಟ್ಟಿಗೆ ವಿಸ್ತರಿಸಿದನು. ಹಿಂಡುಗಳನ್ನು ಸಾಕಲಾರದ ರೈತರಿಗೆ ಒಂದೆರಡು ಒಳ್ಳೆಯ ನಾಯಿಗಳೇ ಸಾಕಾಗಿದ್ದವು. ಅವರು ಊರಿನ ನಾಯಿಗಳನ್ನು ಜರ್ಮನಿ, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್‌ಗಳಿಂದ ಬಂದ ನಾಯಿಗಳೊಂದಿಗೆ ಕೂಡಿಸುತ್ತ, ಬಣ್ಣಕ್ಕಿಂತ ಕೆಲಸವನ್ನೇ ನೋಡಿ ಮರಿಗಳನ್ನು ಆರಿಸಿಕೊಂಡರು.

ಈ ಮಿಶ್ರ ಸಂತತಿಯನ್ನು ಹೆಸರುಳ್ಳ ತಳಿಗಳಾಗಿ ಒಡೆಯುವ ಕಾರ್ಯಕ್ಕೆ 1886ರ ಸ್ಟಾಕ್‌ಹೋಮ್ ಶ್ವಾನಪ್ರದರ್ಶನವು ನಾಂದಿಯಾಯಿತು. ಇಂಗ್ಲಿಷ್ ಫಾಕ್ಸ್‌ಹೌಂಡ್ ಮತ್ತು ಜರ್ಮನ್ ಜಾಡುನಾಯಿಗಳ ರಕ್ತವನ್ನು ಬೆರೆಸಿದ್ದ ಕೌಂಟ್ ಅಡಾಲ್ಫ್ ಪ್ಯಾಟ್ರಿಕ್ ಹ್ಯಾಮಿಲ್ಟನ್ ಮತ್ತು ವೆಸ್ಟೆರ್ಯೋಟ್ಲಂಡ್ ಪ್ರಾಂತದ ರೈತ ಪೇರ್ ಶಿಲ್ಲರ್ ಇಬ್ಬರೂ ತಮ್ಮ ನಾಯಿಗಳನ್ನು ಅಲ್ಲಿಗೆ ತಂದಿದ್ದರು. 1889ರಲ್ಲಿ ಸ್ವೀಡಿಷ್ ಕೆನಲ್ ಕ್ಲಬ್ ಸ್ಥಾಪನೆಯಾದ ಮೇಲೆ ವಂಶಾವಳಿಯ ದಾಖಲೆಗೂ, ಒಂದು ತಳಿಯ ನಾಯಿ ಹೇಗಿರಬೇಕೆಂದು ಹೇಳುವ ಲಿಖಿತ ಮಾನದಂಡಕ್ಕೂ ನೆಲೆ ಸಿಕ್ಕಿತು. ಕಪ್ಪು, ಕಂದು, ಬಿಳಿ ಮೂರೂ ಬಣ್ಣದ ನಾಯಿಗೆ 1921ರಲ್ಲಿ ಹ್ಯಾಮಿಲ್ಟನ್ ಹೆಸರನ್ನಿಡಲಾಯಿತು. ಬಿಳಿಯಿಲ್ಲದ, ಕಂದು ಮೈಯ ಮೇಲೆ ಕಪ್ಪು ಹೊದಿಕೆಯುಳ್ಳ ಶಿಲ್ಲರ್ ತಳಿಗೆ 1907ರಲ್ಲೇ ಮನ್ನಣೆ ಸಿಕ್ಕಿತ್ತು.

ದಕ್ಷಿಣದ ದಟ್ಟ ಕಾಡುಗಳ ನಾಡಾದ ಸ್ಮೋಲಂಡಿನ ನಾಯಿಗೆ ಮನ್ನಣೆ ದೊರೆತದ್ದೂ 1921ರಲ್ಲೇ. ಕಪ್ಪು ಮೈಯಲ್ಲಿ ಕಂದು ಗುರುತುಗಳಿರುವ, ಗಟ್ಟಿಮುಟ್ಟಾದ ಈ ಗಂಡುನಾಯಿಯ ಎತ್ತರ 46ರಿಂದ 54 ಸೆಂಟಿಮೀಟರ್. ಹ್ಯಾಮಿಲ್ಟನ್ ಗಂಡಿನ ಎತ್ತರವಾದರೋ 53ರಿಂದ 61. ಹುಟ್ಟಿನಿಂದಲೇ ಮೋಟುಬಾಲ ಹೊಂದಿರುವ ಮರಿಗಳು ಸ್ಮೋಲಂಡ್ ತಳಿಯಲ್ಲಿ ಕಾಣಸಿಗುತ್ತವೆ. ಬಾಲ್ಟಿಕ್ ಸಮುದ್ರದ ದ್ವೀಪದ ಗಾಟ್ಲಂಡ್ ಸ್ಟೋವರೆ ನಾಲ್ಕರಲ್ಲಿ ಅತ್ಯಂತ ವಿರಳವಾದುದು. ಸ್ವದೇಶದಲ್ಲಿ ಮನ್ನಣೆಯಿದ್ದರೂ ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟದ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ನಾಯಿಗಳ ಸ್ಥಿತಿಗತಿಯನ್ನು ತಳಿಗಾರರಷ್ಟೇ ಕಾಡುಪ್ರಾಣಿಗಳೂ ನಿರ್ಧರಿಸಿದವು. ಒಮ್ಮೆ ಅಳಿವಿನಂಚಿಗೆ ಸರಿದಿದ್ದ ರೋ ಜಿಂಕೆ ಮತ್ತೆ ದೇಶದಾದ್ಯಂತ ಹಬ್ಬಿದಾಗ, ಅದನ್ನು ನಿಧಾನವಾಗಿ ಅಟ್ಟಬಲ್ಲ ಗಿಡ್ಡಕಾಲಿನ ನಾಯಿಗೆ ಬೇಡಿಕೆ ಬಂತು. ಜರ್ಮನಿಯ ಡಾಕ್ಸ್‌ಬ್ರಾಕೆಯಿಂದ ರೂಪುಗೊಂಡು 1947ರಲ್ಲಿ ಡ್ರೇವರ್ ಎಂಬ ಹೆಸರು ಪಡೆದ ತಳಿ ಆ ಬೇಡಿಕೆಯನ್ನು ಪೂರೈಸಿತು. ವೇಗದ ಸ್ಟೋವರೆಗೋ ಜಿಂಕೆಯ ಜಾಡನ್ನು ಬಿಟ್ಟು ಮೊಲದ ಜಾಡಿಗೇ ಅಂಟಿಕೊಳ್ಳುವ ಶಿಸ್ತು ಅನಿವಾರ್ಯವಾಯಿತು. 1980ರ ದಶಕದಿಂದೀಚೆಗೆ ತೋಳಗಳು ಮರಳಿ ನೆಲೆಗೊಂಡಿರುವ ಪ್ರದೇಶಗಳಲ್ಲಿ, ಒಂಟಿಯಾಗಿ ಬೊಗಳುತ್ತ ದೂರ ಸಾಗುವ ಈ ನಾಯಿಯ ಗುಣವೇ ಅದರ ಪ್ರಾಣಕ್ಕೆ ಎರವಾಗಬಹುದಾಗಿದೆ.

ಹೀಗೆ ನೋಡಿದರೆ ತಳಿಗಳನ್ನು ಪರಸ್ಪರ ಬೇರ್ಪಡಿಸಿದ್ದು ಪ್ರದರ್ಶನಾಂಗಣದ ಬಣ್ಣ ಮತ್ತು ಎತ್ತರ. ಅವನ್ನು ಒಂದೇ ಗುಂಪಾಗಿ ಉಳಿಸಿದ್ದು ರೈತನ ಬೇಟೆ. ಚಾಂಪಿಯನ್ ಪದವಿಗೆ ರೂಪದ ಜೊತೆಗೆ ಬೇಟೆಯ ಪರೀಕ್ಷೆಯಲ್ಲೂ ಯಶಸ್ಸನ್ನು ಕೇಳುವ ಸ್ವೀಡಿಷ್ ಪದ್ಧತಿ ಈ ಎರಡನ್ನೂ ಜೋಡಿಸುವ ಪ್ರಯತ್ನವಾಗಿದೆ. ಆದುದರಿಂದ ಈ ವಿರಳ ತಳಿಗಳ ಉಳಿವು ವಂಶಾವಳಿಯ ದಾಖಲೆಯನ್ನು ಮಾತ್ರವಲ್ಲದೆ, ನಾಯಿಯನ್ನು ಸ್ವತಂತ್ರವಾಗಿ ಬಿಡಬಲ್ಲ ಕಾಡು ಉಳಿಯುವುದನ್ನೂ ಅವಲಂಬಿಸಿದೆ.